ದೋಣಿಗೆ ಕಟ್ಟಿದ ಅರಮನೆ ಪರದೆ

ಸಾಲೋಟಗಿ, ತಾ. ಇಂಡಿ
೧೮ ಮೇ ೨೦೨೫, ರವಿವಾರ

ಕಣ್ಮಣಿ ಮೊಮ್ಮಗಳು ಫಿರದೋಸಳಿಗೆ,

ನಿನ್ನ ಮುತ್ಯಾ ಹಾಜಿಮಲಂಗನ ತುಂಬು ಮನಸ್ಸಿನ ದುವಾ. ಹೇಗಿದ್ದೀ ಮಗಳೇ? ನಿನ್ನೆ ಫೋನಿನಲ್ಲಿ ಅತ್ತೂ ಅತ್ತೂ ನಿನ್ನ ದನಿ ಬಿದ್ದುಹೋಗಿತ್ತು. ಆಮೇಲಾದರೂ ಉಂಡೆಯೋ, ಹಾಸ್ಟೆಲಿನ ಗೋಡೆ ನೋಡುತ್ತ ಮಲಗಿದೆಯೋ? ನಿನ್ನ ಆಯಿ, ನನ್ನ ಮುದುಕಿ ಪೀರಬಿಯ ಮೊಣಕಾಲು ಈಗ ಪರವಾಗಿಲ್ಲ, ನಾಲಿಗೆಯಂತೂ ಪೂರ್ಣ ಆರೋಗ್ಯದಿಂದಿದೆ. ನನಗೂ ಏನೂ ಆಗಿಲ್ಲ. ಆಗಿರುವುದು ನಿನ್ನ ಕೆಲಸಕ್ಕೆ, ಮಾಡಿದವನು ನಾನು. ಬುಧವಾರ ನಿನ್ನ ಸರ್ ಎದುರು ನಿಂತು 'ನನ್ನ ಕೈಯಾಗ ಏನೋ ತಪ್ಪೈತ್ರಿ, ಸಂಶೋಧನಾ ಬಿಡ್ತೇನ್ರಿ' ಎಂದು ನೀನು ಹೇಳುವ ಮೊದಲೇ ಈ ಕಾಗದ ನಿನ್ನ ಕೈ ಸೇರಬೇಕು. ಅದಕ್ಕೇ ಅಂಚೆಗೆ ಹಾಕದೆ, ನಾಳೆ ಧಾರವಾಡಕ್ಕೆ ಹೊರಟಿರುವ ನಿನ್ನ ಅಣ್ಣ ಯುನೂಸನ ಜೇಬಿಗೆ ಇಡುತ್ತಿದ್ದೇನೆ. ನಿನ್ನೆಯಿಂದ ಮೂರು ಸಲ ನಿನ್ನ ನಂಬರು ಒತ್ತಿ, ಮೂರು ಸಲವೂ ಕಟ್ ಮಾಡಿದವನು ನಾನೇ.

ಮಾರ್ಚಿನಲ್ಲಿ ಬಂದಾಗ ನಮ್ಮ ಹಿತ್ತಲಲ್ಲಿ ದನಗಳಿಗೆ ನೀರು ತುಂಬಿಡುವ ಆ ಕಲ್ಲಿನ ದೋಣಿಯ ಮುಂದೆ ನೀನು ಕುಕ್ಕರಗಾಲಲ್ಲಿ ಕುಳಿತು ಹೇಳಿದ್ದೆ: 'ಮುತ್ಯಾ, ಈ ಹಸರ ಪಾಚಿ ತಿಕ್ಕಿ ತೆಗೀಬ್ಯಾಡ್ರಿ. ಇದರಾಗ ಲಕ್ಷಗಟ್ಟಲೆ ಜೀವ ಅದಾವ, ಒಂದೊಂದೂ ಒಂದ ಜೀವಕೋಶದ್ದು. ಬ್ಯಾಸಿಗಿ ಮುಗಿಯೂತನಾ ಹೆಂಗೈತಿ ಹಂಗ ಬಿಡ್ರಿ, ನೀರು ಕಡಿಮಿ ಆದ್ರ ಅಷ್ಟ ತುಂಬ್ರಿ.' ತುಂಬಿದೆ ಮಗಳೇ, ಒಂದು ದಿನ ತಪ್ಪಿಸಲಿಲ್ಲ. ಆದರೆ ಏಪ್ರಿಲ್ ಕೊನೆಗೆ ಇಂಡಿಯ ಸೂರ್ಯ ರಣಕಹಳೆ ಊದಿಕೊಂಡು ರಂಗಕ್ಕೆ ಇಳಿದ. ಕಾಗೆ ಕೂಡ ಬೇವಿನ ಒಳಗೆ ಅಡಗಿತ್ತು. ಈ ಬಡ ಜೀವಗಳಿಗೆ ಓಡಲು ಕಾಲಿಲ್ಲ, ಕೂಗಲು ಬಾಯಿಲ್ಲ. ಟ್ರಂಕು ತೆರೆದೆ. ನಮ್ಮ ನಾಟಕ ಕಂಪನಿ ಮುಚ್ಚುವಾಗ ನನ್ನ ಪಾಲಿಗೆ ಬಂದಿದ್ದ ಅರಮನೆ ಸೀನಿನ ಪರದೆಯನ್ನು ನಾಲ್ಕು ಗೂಟಕ್ಕೆ ಕಟ್ಟಿ, ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ದೋಣಿಗೆ ನೆರಳು ಮಾಡಿದೆ. ಕಂಬ, ಕಮಾನು, ನವಿಲು ಎಲ್ಲ ಪಾಚಿಯ ನೆತ್ತಿಯ ಮೇಲೆ. ನಿನ್ನ ಆಯಿ ಬಾಗಿಲಲ್ಲಿ ನಿಂತು, 'ಪಾಚಿಗಿ ಅರಮನಿ ಕಟ್ಟೀರಿ, ನನ್ನ ಅಡಗಿಮನ್ಯಾಗ ಒಂದು ಫ್ಯಾನ್ ತಿರಗವಲ್ದು' ಎಂದಳು. ಅವಳ ಮಾತನ್ನು ಹಾಸ್ಯಪಾತ್ರದ ಮಾತೆಂದು ತಳ್ಳಿಹಾಕಿದೆ. ಮೇ ಹತ್ತಕ್ಕೆ ಯುನೂಸ ನಿನಗೆ ತಲುಪಿಸಿದ ಬಾಟಲಿಯಲ್ಲಿ ಇದ್ದದ್ದು ಆ ನೆರಳಿನ ನೀರು.

ನಿನ್ನೆ ನೀನು ಅಳುತ್ತಲೇ ವಿವರಿಸಿದಾಗ ನನ್ನ ಎದೆಯೊಳಗೆ ಪರದೆ ಕಳಚಿ ಬಿದ್ದಿತು. ಜೀವಕೋಶದ ಒಳಗೆ ಕೆಲಸ ಮಾಡುವ ಪ್ರೋಟೀನುಗಳಿಗೆ ಒಂದೊಂದಕ್ಕೂ ಅದರದೇ ಮಡಿಕೆ ಇರುತ್ತದೆ. ಬಿಸಿ ಹತ್ತಿದರೆ ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಆಗ ಜೀವಕೋಶ ಗಾಬರಿಯಾಗಿ ಬೇರೆ ಕೆಲವು ಪ್ರೋಟೀನುಗಳನ್ನು ಹುಟ್ಟಿಸುತ್ತದೆ, ಅವು ಓಡಿಬಂದು ಬಿಚ್ಚಿದವುಗಳನ್ನು ಹಿಡಿದು ಮತ್ತೆ ಆಕಾರಕ್ಕೆ ತರುತ್ತವೆ ಎಂದೆ ನೀನು. ನನಗೆ ನಮ್ಮ ಪ್ರಾಂಪ್ಟರ್ ನಬಿಲಾಲ ನೆನಪಾದ. ಮುದ್ದೇಬಿಹಾಳದ ತಗಡಿನ ಥೇಟರಿನಲ್ಲಿ, ಎರಡು ಸೇರು ಕಿರೀಟ ಹೊತ್ತು ಬೆವರುತ್ತ ನಿಂತ ನನಗೆ ಇದ್ದಕ್ಕಿದ್ದಂತೆ ಒಂದು ಮಾತೂ ಹೊಳೆಯದೆ ಹೋದಾಗ, ಪಕ್ಕದ ಪರದೆಯ ಹಿಂದಿನಿಂದ ಮೊದಲ ಪದ ಪಿಸುಗುಟ್ಟಿ ನನ್ನನ್ನು ಮತ್ತೆ ರಾಜನನ್ನಾಗಿ ಮಾಡಿದವನು ಅವನು. ಜನ ಚಪ್ಪಾಳೆ ತಟ್ಟಿದ್ದು ನನಗೆ. ಆದರೆ ನೀನು ಮುಂದೆ ಹೇಳಿದ ಮಾತೇ ನನ್ನನ್ನು ಕೊಂದಿತು: 'ದಿನಾ ಒಂಚೂರು ಬಿಸಿ ಕಂಡಿದ್ರನ ಆ ಕಾಯೂ ಪ್ರೋಟೀನ್ ತಯಾರ್ ಇರ್ತಾವ ಮುತ್ಯಾ. ನಮ್ಮ ದೋಣ್ಯಾಗಿನವು ನಲವತ್ನಾಲ್ಕು ಡಿಗ್ರಿ ತಡೀಬೇಕಿತ್ತು. ತಣ್ಣನ ಕೋಣ್ಯಾಗ ಬೆಳದವು ಸತ್ತಂಗ ಇವೂ ಬೆಳ್ಳಗಾಗಿ ಸತ್ತು.' ಸಾಯದೆ ಏನು ಮಾಡಿಯಾವು? ಬಿಸಿಲನ್ನೇ ಕಾಣದ ಹಾಗೆ ನಾನು ಅವುಗಳನ್ನು ಮುದ್ದು ಮಾಡಿದ್ದೆ. ಒಳಗಿನ ನಬಿಲಾಲನನ್ನು ಕರೆಯುವ ಪ್ರಸಂಗವೇ ಅವಕ್ಕೆ ಬರಲಿಲ್ಲ.

ಆದ್ದರಿಂದ ಕೇಳು. ನಿನ್ನ ಕೈ ಸರಿಯಾಗಿದೆ. ಅದು ನೆರಳಿನ ಪಾಚಿಗೆ ಏನಾಗಬೇಕೋ ಅದನ್ನೇ ತೋರಿಸಿದೆ. ಪರದೆಯನ್ನು ನಿನ್ನೆ ಸಂಜೆಯೇ ಬಿಚ್ಚಿದೆ. ಪಕ್ಕದ ಕಲ್ಮೇಶನ ಎಮ್ಮೆಯ ದೋಣಿಯೂ ನಮ್ಮದೇ ಬಾವಿಯ ನೀರಿನದು, ಅದಕ್ಕೆ ಯಾವ ದಯಾಮಯನೂ ನೆರಳು ಕಟ್ಟಿಲ್ಲ. ಇಂದು ಮಧ್ಯಾಹ್ನ ಎರಡಕ್ಕೆ ಅದರದೊಂದು ಬಾಟಲಿ ತುಂಬಿದ್ದೇನೆ, ಯುನೂಸ ತರುತ್ತಾನೆ. ನಿನ್ನ ಆಯಿ ಅದಕ್ಕೆ ಒದ್ದೆ ಬಟ್ಟೆ ಸುತ್ತಲು ಹೊರಟಿದ್ದಳು, ಕೈ ಹಿಡಿದು ತಡೆದೆ. ಅದು ನಲವತ್ನಾಲ್ಕನ್ನು ತಡೆಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಬೇಕಾದವಳು ನೀನು, ಬಿಟ್ಟು ಬಂದರೆ ನೋಡುವವರು ಯಾರು?

ಹೊಟ್ಟೆತುಂಬ ಉಣ್ಣು. ನಿನ್ನ ಆಯಿ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಾಳೆ, ಕೋಣೆಯ ಗೆಳತಿಗೂ ಕೊಡು. ಅಲ್ಲಾಹ ನಿನ್ನ ಕೈಗೆ ಬಲ ಕೊಡಲಿ.

ನಿನ್ನ ಮುತ್ಯಾ,
ಹಾಜಿಮಲಂಗ

ತಾ.ಕ.: ಸೋಮವಾರ ಬೆಳಗಾಯಿತು, ಯುನೂಸ ಹೊರಟು ನಿಂತಿದ್ದಾನೆ, ಬರೆಯದೆ ಬಿಟ್ಟದ್ದನ್ನು ಬರೆದುಬಿಡುತ್ತೇನೆ. ದಿನಾ ಮೂರು ಗಂಟೆಗೆ ಫೋನಿನಲ್ಲಿ ನೀರಿನ ಬಿಸಿ ಹೇಳುತ್ತಿದ್ದೆನಲ್ಲ, ಪರದೆ ಕಟ್ಟಿದ ಏಪ್ರಿಲ್ ಇಪ್ಪತ್ತೈದರಿಂದ ಅದೆಲ್ಲ ಸುಳ್ಳು. ನೀನು ಕೊಟ್ಟುಹೋದ ಥರ್ಮಾಮೀಟರಿನ ಕಡ್ಡಿ ತೋರಿಸಿದ್ದು ಮೂವತ್ತೊಂದು, ಮೂವತ್ತೆರಡು. ಪರದೆ ಕಟ್ಟುವ ಮೊದಲು ಒಮ್ಮೆ, ನಿಜವಾಗಿಯೇ ಇದ್ದ ಮೂವತ್ತೊಂಬತ್ತನ್ನು ಹೇಳಿದಾಗ ನೀನು ಸಣ್ಣವಳಾಗಿದ್ದಾಗಿನಂತೆ ನಕ್ಕಿದ್ದೆ. ಅದು ನಿಲ್ಲಬಾರದೆಂದು ಅದೇ ಅಂಕಿ ಹೇಳುತ್ತ ಹೋದೆ. ಬುಧವಾರ ಈ ಕಾಗದವನ್ನೇ ಸರ್ ಮುಂದೆ ಇಡು. ನಿನ್ನ ಪುಸ್ತಕದಲ್ಲಿ ಆ ದಿನಗಳನ್ನೆಲ್ಲ ಹೊಡೆದು ಹಾಕು. ಪಕ್ಕದಲ್ಲಿ ಕಾರಣ ಬರೆಯಬೇಕಾದರೆ ನನ್ನ ಹೆಸರು ಬರೆ, ಪೂರ್ತಿ ಹೆಸರು.