ನೋಡಿ ಕಲಿತ ಹೊಲಿಗೆ

ನಂಜನಗೂಡು
11-3-2003, ಮಂಗಳವಾರ

ಪ್ರೀತಿಯ ಅಪ್ಪನಿಗೆ, ಮಗಳು ವಾಣಿ ಕೈಮುಗಿದು ಬರೆಯುವುದು.

ನಿನ್ನ ಸೊಂಟದ ನೋವು ಹೇಗಿದೆ? ಟಿ. ನರಸೀಪುರದ ಅಂಗಡಿಯವರು ಕುರ್ಚಿ ಕೊಟ್ಟರಾ, ಇನ್ನೂ ಸ್ಟೂಲಿನ ಮೇಲೇ ಕೂತು ಹೊಲಿಯುತ್ತಿದ್ದೀಯಾ? ಮಾದಮ್ಮತ್ತೆ ಮನೆಯಲ್ಲಿ ಸಂಕೋಚ ಪಡದೆ ಉಣ್ಣು. ಇಲ್ಲಿ ಅಮ್ಮ, ತಮ್ಮ ಚೆನ್ನಾಗಿದ್ದಾರೆ. ನನಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿ ಅಮ್ಮನಿಂದ ಬೈಸಿಕೊಂಡೆ.

ಹೊಸದಾಗಿ ಶುರುವಾದ ಗಾರ್ಮೆಂಟ್ಸಿಗೆ ಹೋದ ವಾರ ಕೆಲಸ ಕೇಳಲು ಹೋಗಿದ್ದೆ. ಬಟ್ಟೆ ಕೊಟ್ಟು ಹೊಲಿಸಿದರು. ಹೊಲಿದೆ. ಮೇಡಂ ಅದನ್ನು ತಿರುಗಿಸಿ ನೋಡಿ ಇಂಗ್ಲಿಷಿನಲ್ಲಿ ಕೇಳಿದರು. ಎಲ್ಲಿ ಕಲಿತೆ ಅಂತ ಕೇಳುತ್ತಿದ್ದಾರೆಂದು ಗೊತ್ತಾಯಿತು. ಹೇಳಲು ಇಂಗ್ಲಿಷ್ ಮಾತ್ರ ಬರಲಿಲ್ಲ. ಸೂಪರ್‌ವೈಸರ್ ದೇವರಾಜಣ್ಣ ಆಚೆ ಕರೆದು, "ಮೇಡಂಗೆ ಕನ್ನಡ ಬರಕಿಲ್ಲ ಕಣಮ್ಮಿ. ಹದಿನೇಳ್ನೇ ತಾರೀಕು ಸೋಮವಾರ ಇನ್ನೊಂದ್ಸಲ ಬಾ. ಇಂಗ್ಲಿಷಲ್ಲಿ ಒಂದ್ ಮಾತೇಳು, ಸಾಕು" ಎಂದರು.

ಪಕ್ಕದ ಮನೆಯ ಸಂಘಮಿತ್ರಾ ಕಾಲೇಜಿಗೆ ಹೋಗುತ್ತಾಳಲ್ಲ, ಅವಳನ್ನು ಕೇಳಿದೆ. 'ಐ ಹ್ಯಾವ್ ನಾಲೆಡ್ಜ್ ಆಫ್ ಟೈಲರಿಂಗ್', ನನಗೆ ಹೊಲಿಗೆ ಗೊತ್ತು ಅಂತ, ಎಂದು ಹೇಳಿಕೊಟ್ಟಳು. ಆಮೇಲೆ ತಾನೇ, ಬೇಡ, ಎಲ್ಲಿ ಕಲಿತೆ ಅಂದರೆ ಅದು ಉತ್ತರವಾಗದು ಎಂದಳು. "ಕಲಿಸ್ದೋರ್ ಯಾರು?" ಅಂದಳು. ಯಾರೂ ಇಲ್ಲ ಎಂದೆ. "ಹಂಗಾರೆ ಹೊಟ್ಟೇಲೇ ಕಲ್ತ್ಕಂಡ್ ಬಂದ್ಯಾ?" ಎಂದು ನಕ್ಕಳು. ಕೊನೆಗೆ 'ಮೈ ಫಾದರ್ ಟಾಟ್ ಮಿ' ಅನ್ನು, ನಮ್ಮಪ್ಪ ಕಲಿಸಿದರು ಅಂತ ಅರ್ಥ, ಚಿಕ್ಕದು, ನಾಲಿಗೆಗೂ ಸುಲಭ ಎಂದಳು.

ಸುಲಭವೇ. ಆದರೆ ನೀನು ಕಲಿಸಿದೆಯಾ ಅಪ್ಪ? ನಿನ್ನ ಶಿಷ್ಯರು ಕೃಷ್ಣ, ಸಿದ್ದರಾಜು ಕಲಿಯುವ ಮೊದಲು ವೀಳ್ಯದೆಲೆ ಕೊಟ್ಟು ನಿನ್ನ ಕಾಲಿಗೆ ಬಿದ್ದು ಮಿಷನ್ ಮುಟ್ಟಿದರು. ಆಯುಧಪೂಜೆಯಲ್ಲಿ ಮಿಷನ್ನಿಗೆ ಹೂವು ಮುಡಿಸುವವಳು ನಾನು, ಮೊದಲ ಹೊಲಿಗೆ ಹಾಕುವವರು ಅವರು. ನಾನು ಹತ್ತಿರ ಬಂದರೆ ನೀನು, "ಓಗಮ್ಮಿ ಅತ್ಲಾಗೆ, ಬೆರಳಿಗೆ ಸೂಜಿ ಹೊಡ್ಕಂಡೀಯೆ" ಎನ್ನುತ್ತಿದ್ದೆ. ಕೋಪದಿಂದಲ್ಲ, ಗೊತ್ತು. ನಾನು ಬಾಗಿಲಲ್ಲಿ ಕೂತು ಗುಂಡಿಗೆ ಕಾಜಾ ಮಾಡುತ್ತಾ ನಿನ್ನ ಕೈಯನ್ನೇ ನೋಡುತ್ತಿದ್ದೆ. ನೀನು ಉಣ್ಣಲು ಎದ್ದಾಗ ನಾನು ಚೂರು ಬಟ್ಟೆಯಲ್ಲಿ ಹೊಲಿಯುತ್ತಿದ್ದೆ. ತೋಳು, ಜೇಬು, ಪಟ್ಟಿ ಎಲ್ಲ ಬಂದದ್ದು ಹಾಗೆ. ನೋಡಿ ಕಲಿತೆ ಅನ್ನುವುದಕ್ಕೂ ಇಂಗ್ಲಿಷ್ ಇದೆಯಂತೆ, 'ಐ ಲರ್ನ್ಡ್ ಬೈ ವಾಚಿಂಗ್ ಮೈ ಫಾದರ್'. ಅದೇ ನಿಜ. ಆದರೆ ಅದನ್ನು ಹೇಳಹೋಗಿ ಅರ್ಧಕ್ಕೇ ಬಿಡುತ್ತೇನೆ. ಆ ಚಿಕ್ಕ ಮಾತನ್ನು ನೀರು ಹಿಡಿಯುವಾಗ, ಪಾತ್ರೆ ತೊಳೆಯುವಾಗ ಹೇಳಿಕೊಳ್ಳುತ್ತಲೇ ಇದ್ದೇನೆ. ಹೇಳಿದಾಗ ಹಿತವಾಗುತ್ತದೆ, ಮರುಗಳಿಗೆ ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತದೆ. ಯಾವುದನ್ನು ಹೇಳಲಿ?

ಅತ್ತೆಗೆ ನಮಸ್ಕಾರ ತಿಳಿಸು. ಬಿಸಿಲು ಜಾಸ್ತಿ, ಮಧ್ಯಾಹ್ನ ನಡೆದಾಡಬೇಡ. ನಂಜುಂಡೇಶ್ವರ ನಿನ್ನ ಸೊಂಟ ಕಾಯಲಿ.

ಇಂತಿ ನಿನ್ನ ಮಗಳು,
ವಾಣಿ

ಮರೆತ ಮಾತು: ಸೋಮವಾರ ಕಾಲರ್ ಹೊಲಿಸುತ್ತಾರಂತೆ. ನನಗೆ ಬಾರದೆ ಇರುವುದು ಅದೊಂದೇ. ಕಾಲರ್ ಕೂರಿಸುವಾಗ ನೀನು ಕಿಟಕಿಯ ಬೆಳಕಿಗೆ ತಿರುಗುತ್ತಿದ್ದೆ, ಬಾಗಿಲಲ್ಲಿದ್ದ ನನಗೆ ನಿನ್ನ ಬೆನ್ನು ಮಾತ್ರ ಕಾಣುತ್ತಿತ್ತು. ಭಾನುವಾರ ಮೊದಲ ಬಸ್ಸಿಗೇ ಬಾ ಅಪ್ಪ. ಮಿಷನ್ನಿಗೆ ಎಣ್ಣೆ ಬಿಟ್ಟಿದ್ದೇನೆ, ವೀಳ್ಯದೆಲೆ ತಂದಿಟ್ಟಿರುತ್ತೇನೆ. ಕಾಲರ್ ಒಂದನ್ನು ಕಲಿಸಿಕೊಡು. ಆಮೇಲೆ ಆ ಚಿಕ್ಕ ಮಾತನ್ನೇ ಗಟ್ಟಿಯಾಗಿ ಹೇಳುತ್ತೇನೆ.