ಚೊಂಬಿನಲ್ಲಿ ಬಂದ ಬೆಲ್ಲ

ಕ್ಯಾಸಂಬಳ್ಳಿ
೧೭ ಆಗಸ್ಟ್ ೨೦೨೫

ಪ್ರೀತಿಯ ಭಾನುಪ್ರಿಯ ಮೇಡಂ,

ಅಂದರೆ ಅದು ಇನ್ನೂ ಸತ್ತಿಲ್ಲ, ಅಲ್ವಾ? ಮೊನ್ನೆ ಲೈವ್‌ನಲ್ಲಿ ನೀವು ಅಷ್ಟು ಹೇಳುವಷ್ಟರಲ್ಲಿ ನಮ್ಮೂರ ನೆಟ್‌ವರ್ಕ್ ಕೈಕೊಟ್ಟಿತು. ರೋಗಿಗಳಿಂದ, ಹಾಲಿನಿಂದ, ಮಾಂಸದಿಂದ ತೆಗೆದ ಬ್ಯಾಕ್ಟೀರಿಯಾಗಳನ್ನು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಮಲಗಿಸಿದ್ದೀರಿ, ಬೆಚ್ಚಗೆ ಮಾಡಿದರೆ ಎಷ್ಟು ವರ್ಷದ ಮೇಲಾದರೂ ಏಳುತ್ತವೆ ಎಂದಿರಿ. ಕಾಮೆಂಟಿನಲ್ಲಿ ಕೇಳಿದೆ, ಇನ್‌ಬಾಕ್ಸಿಗೆ ಬಂದು ಕೇಳಿದೆ, ನೀವು ನೋಡಲೇ ಇಲ್ಲ. ಅದಕ್ಕೇ ಅಂಚೆ. ಜೀವನದಲ್ಲಿ ಮೊದಲ ಸಲ ಸ್ಟಾಂಪು ಹಚ್ಚುತ್ತಿದ್ದೇನೆ, ನಗಬೇಡಿ.

ನಾನು ನವ್ಯ, ಕೆಜಿಎಫ್‌ನಲ್ಲಿ ಬಿಎಸ್ಸಿ ಮೈಕ್ರೋಬಯಾಲಜಿ ಓದುತ್ತಿದ್ದೇನೆ. ನಿಮ್ಮ ಪಕ್ಕಾ ಫ್ಯಾನ್. ಚಾಂಪಿಯನ್ ರೀಫ್ಸ್‌ನ ಗಣಿ ಲೈನ್ ಮನೆಯಲ್ಲಿ ಹುಟ್ಟಿದ ಹುಡುಗಿ ಊಟದಲ್ಲಿ ಬರುವ ರೋಗಾಣುಗಳ ಜೀನೋಮ್ ಓದುತ್ತಲೇ ಇಷ್ಟು ವರ್ಷ ಕಳೆದಿದ್ದಾಳೆ ಎಂದು ತಿಳಿದ ದಿನವೇ ಕಾಮರ್ಸ್ ಸೀಟು ಬಿಟ್ಟೆ. ಎರಡು ಕಡೆ ಸಿಕ್ಕ ಬ್ಯಾಕ್ಟೀರಿಯಾವನ್ನು ಅಕ್ಷರಕ್ಕೆ ಅಕ್ಷರ ಇಟ್ಟು ನೋಡಿದರೆ ಒಂದೇ ತಾಯಿ ಮಕ್ಕಳೋ ಅಲ್ಲವೋ ಗೊತ್ತಾಗುತ್ತದೆ ಎಂಬ ನಿಮ್ಮ ಮಾತು ನನ್ನ ಡಿಪಿ ಕೆಳಗೆ ಇವತ್ತಿಗೂ ಇದೆ.

ಅವತ್ತು ನಿಮ್ಮ ಒಂದೇ ಒಂದು ಸ್ಲೈಡನ್ನು ಸ್ಕ್ರೀನ್‌ಶಾಟ್ ತೆಗೆದೆ. ಕೋಲಾರ ಜಿಲ್ಲೆಯ ಒಂದು ಹಳ್ಳಿ, ವಾಂತಿಭೇದಿಯಿಂದ ತೀರಿಕೊಂಡ ಹೆಣ್ಣುಮಗು, ಅದೇ ಮನೆಯ ಹಸು. ಎರಡರಲ್ಲೂ ಒಂದೇ ಸಾಲ್ಮೊನೆಲ್ಲಾ. ಹೆಸರು ಇರಲಿಲ್ಲ. ವರ್ಷ ಇತ್ತು.

ಆ ಮಗು ಚಂದನ, ನನ್ನ ತಂಗಿ. ಆಸ್ಪತ್ರೆಯವರು ಅವಳ ಸ್ಯಾಂಪಲ್ ತೆಗೆದಿದ್ದರು, ಆಮೇಲೆ ಹಸುವಿನ ಡಾಕ್ಟರು ಬಂದು ಹಾಲನ್ನೂ ಒಯ್ದಿದ್ದರು. ಏನು ಸಿಕ್ಕಿತು ಅಂತ ಯಾರೂ ನಮಗೆ ಹೇಳಿರಲಿಲ್ಲ.

ನಮ್ಮ ಬೀದಿಯಲ್ಲಿ ಹಸು ಕರು ಹಾಕಿದರೆ ಗಿಣ್ಣುಹಾಲನ್ನು ಹಸಿಯಾಗಿಯೇ ಅಕ್ಕಪಕ್ಕಕ್ಕೆ ಕೊಡುತ್ತೇವೆ. ತೆಗೆದುಕೊಂಡವರು ಚೊಂಬು ತೊಳೆಯುವ ಹಾಗಿಲ್ಲ, ತೊಳೆದರೆ ಕೆಚ್ಚಲು ಬತ್ತುತ್ತದಂತೆ. ಬರಿದಾಗಿ ವಾಪಸ್ ಕೊಡುವ ಹಾಗೂ ಇಲ್ಲ, ಬೆಲ್ಲ ಹಾಕಿ ಕೊಡಬೇಕು. ನಮ್ಮ ಹಸು ಕರು ಹಾಕಿದಾಗ ನಾವು ಕೊಟ್ಟ ಚೊಂಬನ್ನು ಪಕ್ಕದ ಮನೆ ಮುನಿನಾರಾಯಣಮ್ಮ ದೊಡ್ಡಮ್ಮ ಹಾಗೇ ತೊಳೆಯದೆ, ಬೆಲ್ಲ ಹಾಕಿ ವಾಪಸ್ ಕೊಟ್ಟರು. ಬೆಳಗಿನಿಂದ ಸೆಕೆಯಲ್ಲಿದ್ದ ಚೊಂಬು. ಹಸಿಹಾಲಿನ ಪಸೆಯಲ್ಲಿ ಕರಗಿದ್ದ ಬೆಲ್ಲವನ್ನು ಚಂದನ ಬೆರಳಲ್ಲಿ ಬಳಿದು ಬಳಿದು ತಿಂದಳು. ಗಿಣ್ಣು ಬೇಯಿಸಿ ತಿಂದ ಯಾರಿಗೂ ಏನೂ ಆಗಲಿಲ್ಲ. ಬೆಲ್ಲ ತಿಂದವಳು ಹೋದಳು.

"ಬೆಲ್ಲದಾಗೆ ಮದ್ದಿಕ್ಕವ್ಳೆ!" ಹೆಣದ ಮುಂದೆ ಅಮ್ಮ ಕೂಗಿದ್ದು ಅಷ್ಟೇ. ಊರಿಗೆ ಅಷ್ಟು ಸಾಕಾಯಿತು. ಮದ್ದು ಹಾಕುವವಳು ಅಂತ ಹೆಸರು ಬಿದ್ದರೆ ಅವಳ ಮನೆಯಲ್ಲಿ ಯಾರೂ ನೀರೂ ಕುಡಿಯುವುದಿಲ್ಲ, ನಿಮಗೆ ಹೇಳಬೇಕಾ? ಬಂಗಾರಪೇಟೆ ಬಸ್ಸಿನಲ್ಲಿ ನಿಂತು ಹೋಗುವವರು ಕೂಡ ದೊಡ್ಡಮ್ಮನ ಪಕ್ಕದ ಸೀಟಿನಲ್ಲಿ ಕೂರುವುದಿಲ್ಲ. ಹೆಂಗಸರು ಮಕ್ಕಳ ಮುಖಕ್ಕೆ ಸೆರಗು ಮುಚ್ಚಿದರೆ, "ಕಣ್ಣಾಗೂ ಮದ್ದಿಕ್ತೀನೇನ್ರೇ? ಓಗ್ರಮ್ಮ, ಬೆಲ್ಲ ಶಾನೆ ರೇಟಾಗೈತೆ" ಎಂದು ಅವರೇ ನಗುತ್ತಾರೆ. ಆ ನಗು ಗೋಡೆಯಾಚೆಯಿಂದ ಕೇಳಿದರೆ ಅಮ್ಮ ಮಾಡುತ್ತಿದ್ದ ಕೆಲಸ ನಿಲ್ಲಿಸಿಬಿಡುತ್ತಾಳೆ.

ಅಮ್ಮ ಈಗ ಹಾಲನ್ನು ತಳ ಹಿಡಿಯುವ ತನಕ ಕಾಯಿಸುತ್ತಾಳೆ. ಮನೆಯೆಲ್ಲ ಸೀದ ವಾಸನೆ. ಚಂದನ ಬೆಳೆಯುವುದು ನಿಂತುಹೋಯಿತು, ಅವಳ ಹೊಟ್ಟೆಯೊಳಗಿಂದ ಬಂದದ್ದು ಮಾತ್ರ ನಿಮ್ಮ ಹತ್ತಿರ ಏಳಲು ಕಾಯುತ್ತಾ ಮಲಗಿದೆ. ಮೇಡಂ, ನಿಮ್ಮ ಲೈವ್ ನೋಡಿದ ಮೇಲೆ ಫ್ರಿಜ್ ಬಾಗಿಲು ತೆಗೆದಾಗಲೆಲ್ಲ, ಆ ತಣ್ಣನೆ ಗಾಳಿ ಮುಖಕ್ಕೆ ಬಡಿದಾಗಲೆಲ್ಲ, ಒಳಗಿಂದ ಯಾರೋ "ಅಕ್ಕಾ" ಎಂದ ಹಾಗಾಗುತ್ತದೆ.

ನಾನು ಹೇಳಿದರೆ ಯಾರೂ ಕೇಳುವುದಿಲ್ಲ. ಸ್ಕ್ರೀನ್‌ಶಾಟ್ ತೋರಿಸಿದರೆ ಶ್ರೀಧರ್ ಮಾಮ, "ಫೋನಾಗೆ ದೆವ್ವಾನೂ ತೋರಿಸ್ತಾರೆ, ಓಗಮ್ಮಿ" ಎಂದ. ನೀವೇ ಬಂದು ನಮ್ಮ ಬೀದಿಯಲ್ಲಿ ನಿಂತು ಹೇಳಬೇಕು: ಕೊಂದದ್ದು ಮದ್ದಲ್ಲ, ಇವರದೇ ಮನೆ ಹಾಲು. ಹಾಗಂದರೆ ದೊಡ್ಡಮ್ಮ ಬದುಕುತ್ತಾರೆ. ಅಮ್ಮ ಏನಾಗುತ್ತಾಳೋ ಗೊತ್ತಿಲ್ಲ. ಚಾಟ್ ಆಗಿದ್ದರೆ ಈ ಸಾಲನ್ನು ಡಿಲೀಟ್ ಮಾಡಿಬಿಡುತ್ತಿದ್ದೆ.

ನಿಮ್ಮ ವಿಡಿಯೋಗಳಿಗೆಲ್ಲ ಮೊದಲ ಲೈಕ್ ಒತ್ತುವ,
ನವ್ಯ

ತಾ.ಕ.: ಕವರ್ ಅಂಟಿಸುವಾಗ ಅಮ್ಮ ಬಂದು, "ಯಾರ್ಗಮ್ಮಿ ಇಷ್ಟುದ್ದ?" ಎಂದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಪೂರ್ತಿ ಓದಿಬಿಟ್ಟೆ. ಕಿತ್ತು ಹರಿಯುತ್ತಾಳೆ ಎಂದುಕೊಂಡಿದ್ದೆ. ಗೋಡೆ ಕಡೆ ತಿರುಗಿಕೊಂಡು, "ಅವತ್ತು ಅಸುಗೆ ಭೇದಿ ಆಯ್ತಿತ್ತು. ಬಾಲ, ಕೆಚ್ಚಲು ಎಲ್ಲಾ ಗಲೀಜು. ನಾನೇ ಕರೆದಿದ್ದು. ಮದ್ದು ಅಂತ ಕೂಗ್ದಾಗ್ಲೇ ನಂಗೆ ಅನುಮಾನ ಇತ್ತು ಕಣೇ" ಎಂದಳು. ಆಮೇಲೆ, "ಆ ಮೇಡಮ್ಮು ಬರ್ಲಿ. ಆಯಮ್ಮನ ಪಕ್ಕ ನಿಂತ್ಕೊಂಡ್ರೆ ನಾನೂ ನಿಜ ಏಳ್ತೀನಿ. ಒಬ್ಳೇ ಆದ್ರೆ ನನ್ ಕೈಲಾಗಲ್ಲ" ಎಂದಳು.

ಬೀದಿಗೆ ಬರಲು ಅಮ್ಮ ಒಪ್ಪಿದ್ದಾಳೆ ಮೇಡಂ. ನೀವು ಬರ್ತೀರಾ?