ಈಗ ಎಡಗಿವಿ

ಅಂಗಡಿಯಿಂದ,
ಡಿಸೆಂಬರ್ ೯, ಗಿರಾಕಿಗಳಿಲ್ಲದ ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಕೂಸು ರಾತ್ರಿಯೆಲ್ಲ ಅಳುತ್ತಾಳೆ ಎಂದು ಬರೆದಿದ್ದೀಯ. ನೀನೇನು ಕಮ್ಮಿಯಿದ್ದೆಯಾ? ತಾಯಿಯಂತೆ ಮಗಳು ಎಂದು ಸುಮ್ಮನೆ ಹೇಳಿದ್ದಾರೆಯೇ! ನಿಮ್ಮಮ್ಮನ ಮಂಡಿ, ನನ್ನ ಕನ್ನಡಕ ಎರಡೂ ಹೇಗೋ ನಡೆಯುತ್ತಿವೆ.

ನಿನ್ನ ತಮ್ಮನ ವಿಷಯ ಕೇಳಿದ್ದೀಯ. ಯುದ್ಧದಿಂದ ಕೈಕಾಲು ನೆಟ್ಟಗೆ ಬಂದನಲ್ಲ, ಇನ್ನೇನು ಬೇಕು ಎಂದು ಬೀದಿಯವರೆಲ್ಲ ಹೇಳುತ್ತಾರೆ. ಮನೆಯೊಳಗಿನದು ನಮಗೆ ಗೊತ್ತು. ಊಟಕ್ಕೆ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾನೆ. ಪಾತ್ರೆ ಬಿದ್ದರೆ ಧಡಕ್ಕನೆ ಎದ್ದು ನಿಲ್ಲುತ್ತಾನೆ, ಆಮೇಲೆ ನಾಚಿಕೊಂಡು ತಾನೇ ಅದನ್ನು ತೊಳೆದಿಡುತ್ತಾನೆ. ನಿಮ್ಮಮ್ಮನ ಪಾತ್ರೆಗಳು ಇಷ್ಟು ಹೊಳೆದದ್ದೇ ಇಲ್ಲ ಬಿಡು. ನೀನು ಕೂಸನ್ನು ಕರೆದುಕೊಂಡು ಬರುತ್ತೀಯ ಎಂದಾಗ ಅವನ ಮುಖ ಅರಳಿತು. ಮರುಕ್ಷಣವೇ, "ಅಷ್ಟು ದಿನ ನಾನು ಗೆಳೆಯನ ರೂಮಲ್ಲಿ ಇರ್ತೀನಿ. ಈ ಕೈಲಿ ಮಗೂನ ಹೇಗೆ ಎತ್ಕೊಳ್ಳಲಪ್ಪ?" ಎಂದ.

ನಾನೂ ಒಂದು ಪೆದ್ದುತನ ಮಾಡಿದೆ. ಬಂದ ಮರುದಿನವೇ ಸಂಭ್ರಮದಲ್ಲಿ ಅವನನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಹಿಂದಿನಿಂದ ತಲೆ ಹಿಡಿದೆ. ಕ್ಷೌರದವನು ಹಿಂದೆ ನಿಲ್ಲದೆ ಇನ್ನೆಲ್ಲಿ ನಿಂತಾನು? ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಮಣಿಕಟ್ಟು ಅವನ ಮುಷ್ಟಿಯಲ್ಲಿತ್ತು, ಕತ್ತರಿ ನೆಲದ ಮೇಲಿತ್ತು. ನನ್ನ ಕೈ ಬಾತದ್ದು ನೋಡಿ ಅವನು ಅತ್ತೇಬಿಟ್ಟ. ಆಮೇಲೆ ಅಂಗಡಿಯ ಮೆಟ್ಟಿಲು ಹತ್ತಲೇ ಇಲ್ಲ. ಕೂದಲು ಕಾಲರ್ ದಾಟಿತು.

ಹೋದ ವಾರ ಪುಸಲಾಯಿಸಿ ಕರೆತಂದೆ. ಈ ಸಲ ಕನ್ನಡಿಯಲ್ಲಿ ಅವನ ಕಣ್ಣು ನೋಡುತ್ತಾ, ಮುಟ್ಟುವ ಮುಂಚೆ ಹೇಳುತ್ತಾ ಹೋದೆ: "ಈಗ ಬಾಚಣಿಗೆ. ಈಗ ಎಡಗಿವಿ. ಈಗ ಕುತ್ತಿಗೆ, ತಣ್ಣಗಿರತ್ತೆ." ಬೆಂಚಿನ ಮೇಲಿದ್ದ ಟೈಲರ್, "ಏನಯ್ಯಾ ಇದು, ರೇಡಿಯೋ ಕಾಮೆಂಟರಿನಾ?" ಎಂದು ಛೇಡಿಸಿದ. ನಿನ್ನ ತಮ್ಮ ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ಕ್ರಾಪು ಮಾತ್ರ ಸ್ವಲ್ಪ ಸೊಟ್ಟಗಾಯಿತು. ಊರ ಸುದ್ದಿಯೆಲ್ಲ ಹೇಳುತ್ತಾ ಕತ್ತರಿಸಬಲ್ಲೆ, ಕತ್ತರಿಸುವುದನ್ನೇ ಹೇಳುತ್ತಾ ಕತ್ತರಿಸುವುದು ಕಷ್ಟ ಕಣಮ್ಮ.

ಆದರೆ ಗೆಳೆಯನ ರೂಮಿನ ಮಾತು ಅವನಿನ್ನೂ ಬಿಟ್ಟಿಲ್ಲ. ಟಿಕೆಟ್ ಮಾಡಿಸಬೇಡ, ನನ್ನ ಇನ್ನೊಂದು ಪತ್ರ ಬರಲಿ. ಗಿರಾಕಿ ಬಂದ, ನಿಲ್ಲಿಸುತ್ತೇನೆ.

ಅಳಿಯಂದಿರಿಗೆ ನಮಸ್ಕಾರ. ಕೂಸಿನ ಬೋಳುತಲೆಗೆ ಅಜ್ಜನದೊಂದು ಮುತ್ತು. ನೂರ್ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ತಾ.ಕ. (ಡಿಸೆಂಬರ್ ೧೦): ಅಂಟಿಸಿದ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಅವನೇ ಅಂಗಡಿಗೆ ಬಂದ. "ಕೂತ್ಕೊಳ್ಳಪ್ಪ" ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೊರೆ ಹಚ್ಚಿ, ಕ್ಷೌರದ ಕತ್ತಿ ಹಿಡಿದ. "ಈಗ ಕೆನ್ನೆ. ಈಗ ಗಂಟ್ಲು, ಅಲುಗಾಡ್ಬೇಡ" ಎಂದ. ನಾನು ಕಣ್ಣು ಮುಚ್ಚಿಕೊಂಡೆ. ಗದ್ದದ ಮೇಲೆ ಒಂದೇ ಒಂದು ಗೀರು. ಅದನ್ನು ಒರೆಸುತ್ತಾ ಕೇಳಿದ: "ಮಗೂನೂ ಹೀಗೇ ಹೇಳ್ತಾ ಹೇಳ್ತಾ ಎತ್ಕೊಂಡ್ರೆ ಆಗತ್ತಾ ಅಪ್ಪಾ?" ಪತ್ರ ಸಿಕ್ಕ ದಿನವೇ ಟಿಕೆಟ್ ಮಾಡಿಸು.